ಅರ್ಧಕ್ಕೆ ನಿಂತ ಅಂಗಳದ ಕೆಲಸ: ಗುತ್ತಿಗೆದಾರರೊಂದಿಗಿನ ತಕರಾರನ್ನು ಬಗೆಹರಿಸಿಕೊಳ್ಳುವ ಕ್ರಮ

ಕಾಸರಗೋಡು ಜಿಲ್ಲೆಯಲ್ಲಿ ಹೊಸ ಮನೆ ಕಟ್ಟಿಸಿದವರು ಅಂಗಳದ ಕೆಲಸಕ್ಕೆ ಕೈಹಾಕುವುದು ಸಾಮಾನ್ಯವಾಗಿ ಮಳೆಗಾಲಕ್ಕೆ ಎರಡು ಮೂರು ತಿಂಗಳು ಉಳಿದಿರುವಾಗ. ಗುಡ್ಡೆ ಕಡಿದು ಸಮಮಾಡಿದ ಜಾಗಕ್ಕೆ ಮುರಕಲ್ಲಿನ ತಡೆಗೋಡೆ, ಗೇಟಿನಿಂದ ಕಾರು ನಿಲ್ಲಿಸುವಲ್ಲಿಯವರೆಗೆ ನೆಲಕ್ಕೆ ಕಾಂಕ್ರೀಟ್ ಬ್ಲಾಕುಗಳ ಇಂಟರ್‌ಲಾಕ್, ಒಂದು ಬದಿಗೆ ಹುಲ್ಲುಹಾಸು, ಮಳೆನೀರು ತೋಡಿಗೆ ಸೇರುವಂತೆ ಒಂದು ಕಣಿ, ಇಷ್ಟನ್ನೂ ಒಟ್ಟು ಮೊತ್ತಕ್ಕೆ ಒಪ್ಪಿಕೊಂಡ ಗುತ್ತಿಗೆದಾರರು ಪತ್ತನಾಜೆಯ (ಮೇ ಕೊನೆಯ ವಾರ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲು) ಮೊದಲು ಮುಗಿಸಿಕೊಡುವುದಾಗಿ ಮಾತು ಕೊಡುತ್ತಾರೆ. ಕಂತುಗಳಲ್ಲಿ ಮುಕ್ಕಾಲು ಪಾಲು ಹಣ ಕೈಬಿಟ್ಟ ಮೇಲೆ ಒಂದು ದಿನ ಕೆಲಸದವರು ಬರುವುದು ನಿಲ್ಲುತ್ತದೆ. ಹೊರರಾಜ್ಯದ ಕೆಲಸಗಾರರು ಊರಿಗೆ ಹೋದವರು ಮರಳಲಿಲ್ಲ, ಮಣ್ಣು ಸಾಗಿಸಲು ಜಿಯಾಲಜಿ ಇಲಾಖೆಯ ಪಾಸ್ ಸಿಗಲಿಲ್ಲ, ಜೆಸಿಬಿ ಬೇರೆ ಸೈಟಿನಲ್ಲಿದೆ ಎಂಬ ಉತ್ತರಗಳು ಕೆಲವು ವಾರ ಬಂದು, ಬಳಿಕ ಫೋನ್ ಎತ್ತುವುದೂ ನಿಲ್ಲುತ್ತದೆ.

ಇಂತಹ ತಕರಾರುಗಳಲ್ಲಿ ಮನೆಯವರು ಸೋಲುವುದು ಕಾನೂನು ತಮ್ಮ ಕಡೆ ಇಲ್ಲದ್ದರಿಂದಲ್ಲ. ಕೆಲಸ ನಿಂತ ದಿನ ಅಂಗಳದಲ್ಲಿ ಎಷ್ಟು ಆಗಿತ್ತು, ಅದರ ಬೆಲೆ ಎಷ್ಟು ಎಂಬುದನ್ನು ತೋರಿಸಲಾಗದ್ದರಿಂದ. ಮನೆಯೊಳಗಿನ ಅಪೂರ್ಣ ಕೆಲಸ ಹತ್ತು ತಿಂಗಳ ನಂತರವೂ ಹಾಗೆಯೇ ಕಾಣುತ್ತದೆ. ಅಂಗಳದ ಕೆಲಸ ಒಂದು ಜೂನ್ ತಿಂಗಳ ಮಳೆಯಲ್ಲಿ ಗುರುತು ಸಿಗದಂತಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅಳತೆ ಮತ್ತು ಲೆಕ್ಕದ ಭಾಗಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಮೊದಲನೆಯದು: ಗೇಟಿಗೆ ಬೀಗ ಹಾಕಬೇಡಿ

ಸಿಟ್ಟಿನಲ್ಲಿ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಗುತ್ತಿಗೆದಾರರ ಸಲಕರಣೆಗಳನ್ನು ಒಳಗಿಟ್ಟುಕೊಂಡು ಗೇಟು ಮುಚ್ಚುವುದು, ಅಥವಾ "ಇನ್ನು ನಿಮ್ಮ ಕೆಲಸ ಬೇಡ" ಎಂದು ವಾಟ್ಸಾಪ್‌ನಲ್ಲಿ ಬರೆದುಬಿಡುವುದು. 1872ರ ಭಾರತೀಯ ಕರಾರು ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ, ಒಬ್ಬರು ಕರಾರಿನ ಕೆಲಸ ಮಾಡಲು ಬಂದಾಗ ಇನ್ನೊಬ್ಬರು ತಡೆದರೆ, ತಡೆಯಲ್ಪಟ್ಟವರು ಕರಾರನ್ನು ರದ್ದುಪಡಿಸಿ ನಷ್ಟ ಪರಿಹಾರ ಕೇಳಬಹುದು. ಕೆಲಸ ಬಿಟ್ಟುಹೋದವರಿಗೆ "ನಾನು ಬಂದಿದ್ದೆ, ಮನೆಯವರು ಒಳಗೆ ಬಿಡಲಿಲ್ಲ" ಎನ್ನುವ ಅವಕಾಶವನ್ನು ನಾವಾಗಿಯೇ ಕೊಡಬಾರದು. ಉಳಿದ ಕಲ್ಲು, ಪೈಪು, ಕಾಂಕ್ರೀಟ್ ಮಿಕ್ಸರ್ ಇತ್ಯಾದಿಗಳನ್ನು ಮಾರುವುದಾಗಲಿ ಬೇರೆ ಕೆಲಸಕ್ಕೆ ಬಳಸುವುದಾಗಲಿ ಈ ಹಂತದಲ್ಲಿ ಸಲ್ಲದು. ಅಂಗಡಿಯವರು "ಕಲ್ಲಿನ ಹಣ ಬಂದಿಲ್ಲ, ಒಯ್ಯುತ್ತೇವೆ" ಎಂದು ಲಾರಿ ತಂದರೆ, ಗುತ್ತಿಗೆದಾರರ ಲಿಖಿತ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ ಎಂದು ಸಮಾಧಾನದಿಂದಲೇ ಹೇಳಿ ಕಳುಹಿಸಬೇಕು. ಆ ಕಲ್ಲಿಗೆ ನೀವು ಈಗಾಗಲೇ ಹಣ ಕೊಟ್ಟಿರುವ ಸಾಧ್ಯತೆ ಹೆಚ್ಚು. ಕೂಲಿ ಸಿಗದ ಕೆಲಸಗಾರರು ಬಾಗಿಲಿಗೆ ಬಂದಾಗ ಮನಸ್ಸು ಕರಗಿ ಹಣ ಕೊಡುವುದಾದರೆ, ಯಾರಿಗೆ, ಎಷ್ಟು ದಿನದ ಕೂಲಿ ಎಂಬುದನ್ನು ಬರೆಸಿ ಸಹಿ ಪಡೆದು, ಅದೇ ದಿನ ಗುತ್ತಿಗೆದಾರರಿಗೆ ಸಂದೇಶ ಕಳುಹಿಸಿರಿ. ಇಲ್ಲದಿದ್ದರೆ ಆ ಹಣ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯದು: ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವುದು

ಬೆಳಗ್ಗಿನ ಬೆಳಕಿನಲ್ಲಿ ಅಂಗಳವನ್ನು ಒಂದು ಮೂಲೆಯಿಂದ ಆರಂಭಿಸಿ ಪೂರ್ತಿ ವಿಡಿಯೋ ಮಾಡಿ, ಬಳಿಕ ಪ್ರತಿಯೊಂದು ಭಾಗದ ಫೋಟೋಗಳನ್ನು ತೆಗೆಯಿರಿ. ದೂರದ ಫೋಟೋ ಒಂದು, ಅಳತೆಯ ಟೇಪು ಕಾಣುವ ಹತ್ತಿರದ ಫೋಟೋ ಒಂದು ಎಂಬಂತೆ ಜೋಡಿಯಾಗಿ ತೆಗೆದರೆ ಯಾವ ಗೋಡೆ, ಯಾವ ಬಿರುಕು ಎಂಬ ಗೊಂದಲ ಮುಂದೆ ಇರುವುದಿಲ್ಲ. ಇಂಟರ್‌ಲಾಕ್ ಹಾಕಿದ ಜಾಗದ ಚದರ ಅಡಿ, ಕುಸಿದ ಭಾಗದ ಚದರ ಅಡಿ, ಬ್ಲಾಕಿನ ದಪ್ಪ (60 ಮಿ.ಮೀ. ಎಂದು ಒಪ್ಪಿ 50 ಮಿ.ಮೀ. ಹಾಕಿದ ಸಂದರ್ಭಗಳು ಕಡಿಮೆಯೇನಲ್ಲ), ಕೆಳಗಿನ ಮರಳಿನ ಪದರದ ದಪ್ಪ, ತಡೆಗೋಡೆಯ ಉದ್ದ ಮತ್ತು ಎತ್ತರ, ಅದರಲ್ಲಿ ನೀರು ಹೊರಹೋಗುವ ಪೈಪುಗಳು ಇವೆಯೇ ಎಂಬುದು, ಕಣಿ ಎಲ್ಲಿಯವರೆಗೆ ತಲುಪಿದೆ ಎಂಬುದು, ಇವೆಲ್ಲವೂ ಕಾಗದದ ಮೇಲೆ ಬರಬೇಕು. ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆಗೆ ಹರಿಯುತ್ತದೆ ಎಂದು ವಿಡಿಯೋ ಮಾಡಿದರೆ, ಇಳಿಜಾರು ತಪ್ಪಾಗಿರುವುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷ್ಯ ಬೇರೆ ಇಲ್ಲ.

ನಿಮ್ಮ ಅಳತೆಯ ಜೊತೆಗೆ, ಸ್ಥಳೀಯ ಸಂಸ್ಥೆಗಳಲ್ಲಿ ನೋಂದಣಿ ಇರುವ ಇಂಜಿನಿಯರ್ ಒಬ್ಬರಿಂದ ವರದಿ ಬರೆಸುವುದು ಒಳ್ಳೆಯದು. ಮನೆಯ ಪ್ಲಾನ್ ಮಾಡಿದವರೇ ಆಗಬೇಕಿಲ್ಲ. ಅವರಿಗೆ ಗುತ್ತಿಗೆದಾರರ ಪರಿಚಯವಿದ್ದರೆ ಬೇರೆಯವರನ್ನು ನೋಡುವುದೇ ಲೇಸು. ವರದಿಯಲ್ಲಿ "ಕೆಲಸ ತೃಪ್ತಿಕರವಾಗಿಲ್ಲ" ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ಯಾವ ಬಾಬ್ತು ಎಷ್ಟು ಆಗಿದೆ, ಎಷ್ಟು ಬಾಕಿ, ಯಾವುದನ್ನು ಕಿತ್ತು ಮತ್ತೆ ಮಾಡಬೇಕು, ಅದಕ್ಕೆ ಏನು ಖರ್ಚು ಎಂಬ ಅಂಕಿಗಳು ಬೇಕು. ಅಳತೆಯ ದಿನವನ್ನು ಗುತ್ತಿಗೆದಾರರಿಗೆ ಮುಂಚಿತವಾಗಿ ತಿಳಿಸಿ, ಬರಲು ಕರೆಯಬೇಕು. ಬಂದು ಸಹಿ ಹಾಕಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ. ಬಾರದಿದ್ದರೆ ಕರೆದದ್ದಕ್ಕೆ ದಾಖಲೆ ಉಳಿಯುತ್ತದೆ.

ಮೂರನೆಯದು: ಒಪ್ಪಂದ ಯಾವುದೆಂದು ಹುಡುಕಿ ಜೋಡಿಸುವುದು

ಭಾವನ ಪರಿಚಯದವರು, ನೆರೆಮನೆಯ ಕೆಲಸ ಮಾಡಿದವರು ಎಂದು ನಂಬಿ ಕೊಟ್ಟ ಕೆಲಸಕ್ಕೆ ಕರಾರು ಪತ್ರ ಇರುವುದಿಲ್ಲ. ಅದರಿಂದ ಧೈರ್ಯಗೆಡಬೇಕಿಲ್ಲ, ಏಕೆಂದರೆ ಬಾಯಿಮಾತಿನ ಕರಾರೂ ಕರಾರೇ. ಕಷ್ಟವಿರುವುದು ಅದನ್ನು ರುಜುಪಡಿಸುವುದರಲ್ಲಿ. ಕೈಬರಹದ ಎಸ್ಟಿಮೇಟ್ ಚೀಟಿ, ವಾಟ್ಸಾಪ್‌ನಲ್ಲಿ ಬಂದ ದರಪಟ್ಟಿ, ಮಾದರಿಯಾಗಿ ತೋರಿಸಿದ ಫೋಟೋಗಳು, ಗೂಗಲ್ ಪೇ ಪಾವತಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಕಲ್ಲಿನ ಲೋಡಿನ ಬಿಲ್ಲು, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ ಒಪ್ಪಂದದ ರೂಪ ತಾನಾಗಿಯೇ ಕಾಣುತ್ತದೆ. ನಗದಾಗಿ ಕೊಟ್ಟ ಹಣಕ್ಕೆ ರಶೀದಿ ಇಲ್ಲದಿದ್ದರೆ, "ಇವತ್ತು ಕೊಟ್ಟ ಐವತ್ತು ಸಾವಿರ ಸೇರಿ ಒಟ್ಟು ಇಷ್ಟಾಯಿತಲ್ಲವೇ" ಎಂಬ ಒಂದು ಸಂದೇಶ ಕಳುಹಿಸಿ ಉತ್ತರ ಪಡೆಯಬಹುದು. ಮಾತುಕತೆ ಪೂರ್ತಿ ಮುರಿದುಬೀಳುವ ಮೊದಲೇ ಇದನ್ನು ಮಾಡಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಎಸ್ಟಿಮೇಟ್ ಮಲಯಾಳದಲ್ಲಿ, ಮನೆಯವರ ಸಂದೇಶ ಕನ್ನಡದಲ್ಲಿ, ಗುತ್ತಿಗೆದಾರರ ವಾಯ್ಸ್ ಮೆಸೇಜುಗಳು ತುಳುವಿನಲ್ಲಿ ಅಥವಾ ಬ್ಯಾರಿಯಲ್ಲಿ ಇರುತ್ತವೆ. ವಾಯ್ಸ್ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು, ಪ್ರತಿಯೊಂದರ ದಿನಾಂಕ, ಸಮಯ, ಹೇಳಿದ ಮಾತಿನ ಬರಹರೂಪ, ಅದರ ಇಂಗ್ಲಿಷ್ ಅಥವಾ ಮಲಯಾಳ ಅನುವಾದ ಎಂಬ ನಾಲ್ಕು ಕಾಲಮುಗಳ ಪಟ್ಟಿ ಮಾಡಿದರೆ ಮುಂದೆ ವಕೀಲರ ಕೆಲಸವೂ ಹಗುರಾಗುತ್ತದೆ. ಹಳೆಯ ಫೋನನ್ನು ಮಾರಿಬಿಡಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆಗೆ ನಿಗದಿತ ಪ್ರಮಾಣಪತ್ರವನ್ನು ಕೇಳುತ್ತದೆ. ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ಗ್ರಾಹಕ ಆಯೋಗದಲ್ಲಿ (ಅದರ ವಿವರ ಮುಂದೆ ಇದೆ) ಸಾಕ್ಷ್ಯದ ನಿಯಮಗಳು ಸಿವಿಲ್ ಕೋರ್ಟಿನಷ್ಟು ಬಿಗಿಯಾಗಿಲ್ಲವಾದರೂ ಮೂಲ ಫೋನು ಕೈಯಲ್ಲಿದ್ದರೆ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ನಾಲ್ಕನೆಯದು: ಲೆಕ್ಕ

ಇಲ್ಲಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಟ್ಟು ಒಪ್ಪಂದ 4,80,000 ರೂಪಾಯಿ: ತಡೆಗೋಡೆ ಮತ್ತು ಮಣ್ಣು ತುಂಬಿಸುವುದಕ್ಕೆ 1,60,000; 1,200 ಚದರ ಅಡಿ ಇಂಟರ್‌ಲಾಕಿಗೆ ಅಡಿಗೆ 95ರಂತೆ 1,14,000; ಹುಲ್ಲುಹಾಸಿಗೆ 60,000; ಕಣಿ ಮತ್ತು ಪೈಪಿಗೆ 46,000; ಗಿಡ, ದೀಪ, ನೀರಿನ ವ್ಯವಸ್ಥೆಗೆ 1,00,000. ನೀವು ಕೊಟ್ಟಿರುವುದು 3,60,000. ಕೆಲಸ ನಿಂತ ದಿನ ಗೋಡೆಯ ಕೆಲಸ 1,40,000 ರೂಪಾಯಿಯಷ್ಟು, ಇಂಟರ್‌ಲಾಕ್ 700 ಚದರ ಅಡಿ ಅಂದರೆ 66,500 ರೂಪಾಯಿಯಷ್ಟು, ಕಣಿ 20,000 ರೂಪಾಯಿಯಷ್ಟು ಆಗಿತ್ತು. ಇದಲ್ಲದೆ ನಡುವೆ ನೀವು ಹೇಳಿ ಮಾಡಿಸಿಕೊಂಡ ನಾಲ್ಕು ಮೆಟ್ಟಿಲುಗಳಿಗೆ 12,000. ಒಟ್ಟು 2,38,500. ಕುಸಿದ ಇಂಟರ್‌ಲಾಕನ್ನು ಎತ್ತಿ ಮತ್ತೆ ಕೂರಿಸಲು ಬೇಕಾಗುವ 6,000 ಕಳೆದರೆ ಆದ ಕೆಲಸದ ಬೆಲೆ 2,32,500. ನೀವು ಹೆಚ್ಚಾಗಿ ಕೊಟ್ಟಿರುವುದು 1,27,500.

ಮೆಟ್ಟಿಲಿನ 12,000 ರೂಪಾಯಿಯನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಬಿಡಬೇಡಿ. ಹೆಚ್ಚುವರಿ ಕೆಲಸವನ್ನು ನೀವೇ ಲೆಕ್ಕಕ್ಕೆ ಸೇರಿಸಿದರೆ ಉಳಿದ ಅಂಕಿಗಳನ್ನು ನಂಬುವುದಕ್ಕೆ ಕಾರಣ ಸಿಗುತ್ತದೆ. ಎದುರು ಪಕ್ಷದವರು ಅದನ್ನು ಮೊದಲು ಎತ್ತಿದರೆ ಇಡೀ ಪಟ್ಟಿಯ ಮೇಲೆ ಸಂಶಯ ಬೀಳುತ್ತದೆ.

ಈಗ ಬಾಕಿ ಕೆಲಸ. ಒಪ್ಪಿದ ದರದಲ್ಲಿ ಅದರ ಬೆಲೆ 2,53,500 ಆಗುತ್ತಿತ್ತು. ಹೊಸ ಗುತ್ತಿಗೆದಾರರು ಅದಕ್ಕೆ 2,90,000, ರಿಪೇರಿಗೆ 6,000 ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಒಟ್ಟು ಖರ್ಚು 3,60,000 ಮತ್ತು 2,96,000 ಸೇರಿ 6,56,000. ಎಲ್ಲವೂ ಸರಿಯಾಗಿ ನಡೆದಿದ್ದರೆ ಮೆಟ್ಟಿಲೂ ಸೇರಿ ಹೇಗಿದ್ದರೂ 4,92,000 ಕೊಡಬೇಕಿತ್ತು. ಆದ್ದರಿಂದ ನಿಜವಾದ ನಷ್ಟ 1,64,000: ಹೆಚ್ಚು ಕೊಟ್ಟ 1,27,500 ಮತ್ತು ದರದ ವ್ಯತ್ಯಾಸ 36,500. ಬಹಳಷ್ಟು ಜನ ಹೆಚ್ಚು ಕೊಟ್ಟ ಹಣವನ್ನೂ ಕೇಳಿ, ಹೊಸಬರಿಗೆ ಕೊಡುವ ಪೂರ್ತಿ 2,96,000 ರೂಪಾಯಿಯನ್ನೂ ಕೇಳುತ್ತಾರೆ. ಹಾಗೆ ಕೇಳಿದರೆ ಅರ್ಧ ಅಂಗಳವನ್ನು ಪುಕ್ಕಟೆಯಾಗಿ ಕೇಳಿದಂತಾಗುತ್ತದೆ. ಕರಾರು ಕಾಯ್ದೆಯ 73ನೇ ಸೆಕ್ಷನ್ ಕೊಡಿಸುವುದು ಕರಾರು ಮುರಿದದ್ದರಿಂದ ಸಹಜವಾಗಿ ಉಂಟಾದ ನಷ್ಟವನ್ನು ಮಾತ್ರ. ತಡವಾದ ಪ್ರತಿ ವಾರಕ್ಕೆ ಇಷ್ಟು ದಂಡ ಎಂದು ಪತ್ರದಲ್ಲಿ ಬರೆದಿದ್ದರೂ 74ನೇ ಸೆಕ್ಷನ್ ಪ್ರಕಾರ ಸಿಗುವುದು ಆ ಮೊತ್ತದ ಮಿತಿಯೊಳಗಿನ ನ್ಯಾಯಸಮ್ಮತ ಪರಿಹಾರವೇ ಹೊರತು ಬರೆದ ಅಂಕಿ ಹಾಗೆಯೇ ಸಿಗಬೇಕೆಂದಿಲ್ಲ.

ಹೊಸ ದರಪಟ್ಟಿಯನ್ನು ಕನಿಷ್ಠ ಇಬ್ಬರಿಂದ, ಅದೇ ಅಳತೆಗೆ, ಅದೇ ಗುಣಮಟ್ಟಕ್ಕೆ ಪಡೆಯಬೇಕು. ಮೊದಲು ಸಾಮಾನ್ಯ ಬ್ಲಾಕಿಗೆ ಒಪ್ಪಿ ಈಗ ತಂದೂರ್ ಕಲ್ಲಿನ ದರ ತೋರಿಸಿದರೆ ವ್ಯತ್ಯಾಸ ಸಿಗುವುದಿಲ್ಲ. ಜಿಎಸ್‌ಟಿಯ ವಿಷಯವನ್ನೂ ಇಲ್ಲೇ ನೋಡಿಕೊಳ್ಳಿ: ನೋಂದಣಿ ಇಲ್ಲದ ಗುತ್ತಿಗೆದಾರರು ಜಿಎಸ್‌ಟಿ ಎಂದು ಹಣ ಪಡೆಯುವಂತಿಲ್ಲ, ಹಾಗೆ ಪಡೆದಿದ್ದರೆ ಅದೂ ಲೆಕ್ಕಕ್ಕೆ ಬರಬೇಕು.

ಐದನೆಯದು: ನೋಟಿಸು

ಗ್ರಾಹಕ ದೂರಿಗೆ ನೋಟಿಸು ಕಡ್ಡಾಯವೆಂದು ಕಾನೂನು ಹೇಳುವುದಿಲ್ಲ. ಆದರೂ ಕೊಡಲೇಬೇಕು ಎನ್ನುವುದಕ್ಕೆ ಕಾರಣವಿದೆ: ನಿರ್ಮಾಣದ ಕೆಲಸಗಳಲ್ಲಿ ದಿನ ತಪ್ಪಿದ ಮಾತ್ರಕ್ಕೆ ಕರಾರು ಮುರಿಯಿತೆಂದು ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಸಮಂಜಸವಾದ ಕೊನೆಯ ಗಡುವು ಕೊಟ್ಟ ನಂತರವೂ ಬರಲಿಲ್ಲ ಎಂದಾಗ ನಿಮ್ಮ ನೆಲೆ ಗಟ್ಟಿಯಾಗುತ್ತದೆ. ಮೊದಲ ನೋಟಿಸನ್ನು ವಕೀಲರಿಲ್ಲದೆ ನೀವೇ ಬರೆಯಬಹುದು. ಒಂದು ಮಾದರಿ:

"ನನ್ನ ಮನೆಯ ಅಂಗಳದ ಕೆಲಸವನ್ನು ರೂ. 4,80,000ಕ್ಕೆ ಒಪ್ಪಿಕೊಂಡು ಮೇ 20ರೊಳಗೆ ಮುಗಿಸಿಕೊಡುವುದಾಗಿ ತಾವು ತಿಳಿಸಿದ್ದೀರಿ. ಇದುವರೆಗೆ ತಮಗೆ ರೂ. 3,60,000 ಪಾವತಿಯಾಗಿದೆ. ಏಪ್ರಿಲ್ 28ರ ನಂತರ ಕೆಲಸ ನಡೆದಿಲ್ಲ. ಆಗಿರುವ ಹಾಗೂ ಬಾಕಿ ಇರುವ ಕೆಲಸದ ಅಳತೆಯ ಪಟ್ಟಿಯನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸವನ್ನು ಪುನಃ ಆರಂಭಿಸಿ, ಮುಗಿಸುವ ದಿನಾಂಕವನ್ನು ಬರಹದಲ್ಲಿ ತಿಳಿಸಬೇಕು. ಕೆಲಸಕ್ಕೆ ಬರಲು ನನ್ನಿಂದ ಯಾವ ಅಡ್ಡಿಯೂ ಇಲ್ಲ. ತಪ್ಪಿದಲ್ಲಿ ಬಾಕಿ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಹೆಚ್ಚುವರಿ ಖರ್ಚು ಹಾಗೂ ಹೆಚ್ಚು ಪಾವತಿಯಾದ ಹಣವನ್ನು ತಮ್ಮಿಂದ ವಸೂಲು ಮಾಡಲು ಕಾನೂನು ಕ್ರಮ ಕೈಗೊಳ್ಳುತ್ತೇನೆ. ಅಂಗಳದಲ್ಲಿರುವ ತಮ್ಮ ಸಲಕರಣೆಗಳ ಪಟ್ಟಿಯೂ ಜೊತೆಗಿದೆ. ಮುಂಚಿತವಾಗಿ ತಿಳಿಸಿ ಬಂದು, ಸಹಿ ಹಾಕಿ ಒಯ್ಯಬಹುದು."

ಬೈಗುಳ, ಜಾತಿ, ಊರಿನ ಮಾತು, "ಫೇಸ್‌ಬುಕ್‌ನಲ್ಲಿ ಹಾಕುತ್ತೇನೆ" ಎಂಬ ಬೆದರಿಕೆ ಇದರಲ್ಲಿ ಬರಕೂಡದು. ಗುತ್ತಿಗೆದಾರರು ಮಲಯಾಳ ಮಾತ್ರ ಓದಬಲ್ಲವರಾದರೆ ಮಲಯಾಳದ ಪ್ರತಿಯನ್ನೂ ಇಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಸ್ಪೀಡ್ ಪೋಸ್ಟಿನಲ್ಲೇ ತಲುಪಿದ ದಾಖಲೆ ಸಿಗುವ ರೀತಿಯಲ್ಲಿ ಕಳುಹಿಸಿ, ವಾಟ್ಸಾಪ್‌ನಲ್ಲೂ ಹಾಕಿರಿ.

ಊರಿನ ಹಿರಿಯರು, ಪಂಚಾಯತಿಯ ವಾರ್ಡ್ ಮೆಂಬರು ನಡುವೆ ಬಂದು ಮಾತಾಡಿಸುವುದುಂಟು, ಎಷ್ಟೋ ಸಲ ಅದೇ ಉತ್ತಮ ದಾರಿ. ಆದರೆ ಅಲ್ಲಿ ಆದ ತೀರ್ಮಾನ ಬರಹಕ್ಕಿಳಿಯಬೇಕು: ಯಾವ ಕೆಲಸ, ಯಾವ ದಿನದೊಳಗೆ, ಯಾವ ಹಂತ ಮುಗಿದಾಗ ಎಷ್ಟು ಹಣ. ರಾಜಿಯ ದಿನವೇ ಮತ್ತೆ ಮುಂಗಡ ಕೊಡಬಾರದು. ಇದಕ್ಕೂ ಬಲವಾದದ್ದು ಕಾನೂನು ಸೇವಾ ಪ್ರಾಧಿಕಾರದ ಮೂಲಕ, ದಾವೆ ಹೂಡುವ ಮೊದಲೇ ಲೋಕ ಅದಾಲತಿಗೆ ಅರ್ಜಿ ಹಾಕುವುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಎದುರಿನವರು ಬಾರದಿದ್ದರೆ ಮಾತ್ರ ಅದರಿಂದ ಏನೂ ಆಗುವುದಿಲ್ಲ.

ಪೊಲೀಸ್ ಠಾಣೆಯ ಬಗ್ಗೆ ಒಂದೇ ಮಾತು. ಆರಂಭದಿಂದಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಲಾಗದಿದ್ದರೆ ಇದು ಸಿವಿಲ್ ವ್ಯಾಜ್ಯ. ಅರ್ಧ ಕೆಲಸ ಮಾಡಿರುವುದೇ ಆ ವಾದಕ್ಕೆ ಎದುರಾಗಿ ನಿಲ್ಲುತ್ತದೆ.

ಆರನೆಯದು: ಮಳೆಗೆ ಮೊದಲು

ಗಡುವು ಮುಗಿಯುವ ಮೊದಲೇ ಮಳೆ ಹಿಡಿದರೆ? ಅರ್ಧ ಕಟ್ಟಿದ ಗೋಡೆಯ ಹಿಂದೆ ತುಂಬಿದ ಸಡಿಲ ಮಣ್ಣು ನೀರು ಕುಡಿದು ಗೋಡೆಯನ್ನೇ ತಳ್ಳುತ್ತದೆ, ಮೇಲಿನ ದರೆ ಜರಿದರೆ ನೆರೆಯವರ ಜಾಗಕ್ಕೂ ಹಾನಿ. 73ನೇ ಸೆಕ್ಷನ್ನಿನ ವಿವರಣೆಯೇ ಹೇಳುವಂತೆ, ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ಇದ್ದ ಉಪಾಯಗಳನ್ನು ಪರಿಹಾರ ನಿರ್ಧರಿಸುವಾಗ ಗಣನೆಗೆ ತೆಗೆದುಕೊಳ್ಳಲಾಗುತ್ತದೆ. ಸಾಕ್ಷ್ಯ ಉಳಿಯಲಿ ಎಂದು ಕೈಕಟ್ಟಿ ಕುಳಿತು ಗೋಡೆ ಬೀಳಿಸಿಕೊಂಡವರಿಗೆ ಪೂರ್ತಿ ಪರಿಹಾರ ಸಿಗುವುದು ಕಷ್ಟ. ಆದ್ದರಿಂದ ತಾತ್ಕಾಲಿಕ ಕೆಲಸಗಳನ್ನು, ಅಂದರೆ ಟಾರ್ಪಾಲು ಹೊದೆಸುವುದು, ಮೇಲ್ಗಡೆ ಕಣಿ ಕಡಿದು ನೀರನ್ನು ಬದಿಗೆ ತಿರುಗಿಸುವುದು, ಮರಳಿನ ಚೀಲ ಇಡುವುದು, ಇವನ್ನು ಫೋಟೋ ತೆಗೆದ ಕೂಡಲೇ ಮಾಡಿಸಿ ಬಿಲ್ಲು ಇಟ್ಟುಕೊಳ್ಳಿ. ಇಂಟರ್‌ಲಾಕ್, ಹುಲ್ಲು, ಗಿಡಗಳಿಗೆ ಅಂತಹ ಅವಸರವಿಲ್ಲ. ಅವನ್ನು ಗಡುವು ಮುಗಿದು, ಇಂಜಿನಿಯರ್ ವರದಿ ಕೈಸೇರಿದ ಮೇಲೆಯೇ ಹೊಸಬರಿಗೆ ಕೊಡಬೇಕು. ಸಾಧ್ಯವಿದ್ದರೆ ಗ್ರಾಹಕ ಆಯೋಗ ನೇಮಿಸುವ ತಜ್ಞ ಕಮಿಷನರ್ ಬಂದು ನೋಡುವವರೆಗೂ ಕಾಯುವುದು ಇನ್ನೂ ಒಳ್ಳೆಯದು, ಏಕೆಂದರೆ ನೀವು ಹಣ ಕೊಟ್ಟು ಬರೆಸಿದ ವರದಿಗಿಂತ ಕಮಿಷನರ ವರದಿಗೆ ತೂಕ ಹೆಚ್ಚು.

ಏಳನೆಯದು: ಜಿಲ್ಲಾ ಗ್ರಾಹಕ ಆಯೋಗ

ಮನೆ ನಿರ್ಮಾಣ ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 1993ರಲ್ಲಿಯೇ, ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ಹೌದೆಂದು ತೀರ್ಮಾನಿಸಿದೆ. ವಾಸದ ಮನೆಯ ಅಂಗಳದ ಕೆಲಸವನ್ನು ಅರ್ಧಕ್ಕೆ ಬಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮಾತಿನಲ್ಲಿ ಸೇವಾ ನ್ಯೂನತೆ. ಬೇಕಲದ ಆಸುಪಾಸಿನಲ್ಲಿ ರೆಸಾರ್ಟಿಗೋ ಬಾಡಿಗೆಗೆ ಕೊಡುವ ವಿಲ್ಲಾಗೋ ಮಾಡಿಸಿದ ಕೆಲಸವಾದರೆ ವಾಣಿಜ್ಯ ಉದ್ದೇಶವೆಂಬ ಆಕ್ಷೇಪ ಬರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿಯಿದೆ.

ಗಡಿಭಾಗದವರಿಗೆ ಈ ಕಾಯ್ದೆಯ ದೊಡ್ಡ ಅನುಕೂಲ 34ನೇ ಸೆಕ್ಷನ್ನಿನಲ್ಲಿದೆ. ಗುತ್ತಿಗೆದಾರರು ಮಂಗಳೂರಿನವರಿರಲಿ, ಪುತ್ತೂರು, ಸುಳ್ಯದವರಿರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಪ್ರತಿಫಲ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಸಿವಿಲ್ ಕೋರ್ಟಿನಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕಾಗುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಅವಧಿಯ ವಿಷಯದಲ್ಲಿ ಮಾತ್ರ ಎಚ್ಚರ: ಆಯೋಗಕ್ಕೆ ವ್ಯಾಜ್ಯ ಕಾರಣ ಉಂಟಾದ ದಿನದಿಂದ 2 ವರ್ಷ, ಸಿವಿಲ್ ದಾವೆಗೆ 3 ವರ್ಷ. "ಓಣಂ ಕಳೆಯಲಿ, ದೀಪಾವಳಿ ಕಳೆಯಲಿ" ಎಂದು ಕೇಳಿಕೊಂಡು ಕಳೆದ ಸಮಯವೂ ಇದರಲ್ಲಿ ಸೇರುತ್ತದೆ.

ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಕೆಲಸ ಒಪ್ಪಿಸಿದವರ ಹೆಸರಿನಲ್ಲಿಯೇ ದೂರು ಇರಬೇಕು: ಮಗ ಗಲ್ಫ್‌ನಿಂದ ಹಣ ಕಳುಹಿಸಿ, ತಂದೆ ಊರಲ್ಲಿ ನಿಂತು ಮಾಡಿಸಿದ ಕೆಲಸವಾದರೆ ಇಬ್ಬರೂ ದೂರುದಾರರಾಗುವುದು ಅಥವಾ ತಂದೆಗೆ ಅಧಿಕಾರ ಪತ್ರ ಕೊಡುವುದು ಕ್ಷೇಮ. ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೋರುವ ಅವಕಾಶವೂ ಕಾಯ್ದೆಯಲ್ಲಿದೆ. ಸರಕಾರಿ ಅಧಿಕಾರಿಗೆ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಿಂದ ನಮಗಿದೆ. ಆದರೆ ಆಯೋಗದ ದೂರನ್ನು ಇಂಗ್ಲಿಷ್ ಅಥವಾ ಮಲಯಾಳದಲ್ಲಿ ತಯಾರಿಸಿ, ಕನ್ನಡದ ದಾಖಲೆಗಳಿಗೆ ಅನುವಾದ ಜೋಡಿಸಿದರೆ ಪ್ರಕರಣ ಬೇಗ ಮುಂದೆ ಹೋಗುತ್ತದೆ ಎಂಬುದು ವ್ಯಾವಹಾರಿಕ ಮಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿ ಮಾತಾಡಬಹುದು. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲದ ಕಾರಣ ದೊಡ್ಡ ಕಂಪನಿಗಳ ವಿಷಯದಲ್ಲಿ ಆಗುವಷ್ಟು ಉಪಯೋಗ ಸ್ಥಳೀಯ ಗುತ್ತಿಗೆದಾರರ ವಿಷಯದಲ್ಲಿ ಆಗುವುದಿಲ್ಲ.

ನೋಟಿಸು ತಲುಪಿದ ಮೇಲೆ ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದರಾಚೆಗೆ ವಿಸ್ತರಣೆ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆಯಾದರೂ ಅಷ್ಟರಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬಾರದು. ಕೋರಿಕೆಯಲ್ಲಿ ಹಣ, ಬಡ್ಡಿ, ಮಾನಸಿಕ ಕ್ಲೇಶಕ್ಕೆ ಪರಿಹಾರ ಮತ್ತು ಖರ್ಚನ್ನು ಬೇರೆ ಬೇರೆಯಾಗಿ ಬರೆಯಿರಿ. ಒಂದೂವರೆ ಲಕ್ಷದ ನಷ್ಟಕ್ಕೆ ಹತ್ತು ಲಕ್ಷದ ಮಾನಸಿಕ ಕ್ಲೇಶ ಕೇಳಿದರೆ ಉಳಿದ ಲೆಕ್ಕದ ಗಾಂಭೀರ್ಯವೂ ಹೋಗುತ್ತದೆ.

ಆದೇಶ ಬಂದ ಮೇಲೆ 45 ದಿನಗಳೊಳಗೆ ಎದುರಿನವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಕೊಡಬೇಕಾದ ಮೊತ್ತದ ಅರ್ಧವನ್ನು ಠೇವಣಿ ಇಟ್ಟ ನಂತರವೇ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ 71ನೇ ಸೆಕ್ಷನ್ ಅಡಿಯಲ್ಲಿ ಸಿವಿಲ್ ಡಿಕ್ರಿಯಂತೆ ಜಾರಿ ಅರ್ಜಿ ಹಾಕಬಹುದು. 72ನೇ ಸೆಕ್ಷನ್ ಪ್ರಕಾರ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗಿನ ಸೆರೆವಾಸ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ ಆಗಬಹುದು. ಜಾರಿ ಅರ್ಜಿಗೆ ಗುತ್ತಿಗೆದಾರರ ಸರಿಯಾದ ವಿಳಾಸ, ಬ್ಯಾಂಕ್ ಖಾತೆ, ವಾಹನದ ನಂಬರು ಬೇಕಾಗುತ್ತದೆ. ಇವನ್ನು ಕೆಲಸ ಒಪ್ಪಿಸುವ ದಿನವೇ ಎಸ್ಟಿಮೇಟಿನ ಹಿಂಬದಿಯಲ್ಲಿ ಬರೆಸಿಟ್ಟುಕೊಳ್ಳಬಹುದು.